ಔರಾದಿನ ಹತ್ತೊಂಬತ್ತು ಲಕ್ಷ

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಐದು ಜನರ ಕುಟುಂಬದ ವರ್ಷದ ಆದಾಯ ಹತ್ತೊಂಬತ್ತು ಲಕ್ಷ ರೂಪಾಯಿ. ನಗಬೇಡಿ, ಸರ್ಕಾರದ್ದೇ ಲೆಕ್ಕ. 2024-25ರಲ್ಲಿ ಕರ್ನಾಟಕದ ತಲಾ ಆದಾಯ 3,80,906 ರೂಪಾಯಿ ಎಂದು ಆರ್ಥಿಕ ಸಮೀಕ್ಷೆ ಹೇಳಿದೆ. ಐದರಿಂದ ಗುಣಿಸಿ.

ಆ ದುಡ್ಡು ಎಲ್ಲಿದೆ ಅಂತೀರಾ? ಬೆಂಗಳೂರು ನಗರ ಜಿಲ್ಲೆಯಲ್ಲಿ. ಅಲ್ಲಿನ ತಲಾ ಆದಾಯ ಏಳು ಲಕ್ಷ ದಾಟಿದೆ. ಪಟ್ಟಿಯ ತಳದಲ್ಲಿ ಕಲಬುರಗಿ, ಅದರ ಆಸುಪಾಸಿನಲ್ಲೇ ಬೀದರ್. ಎಲ್ಲರನ್ನೂ ಕೂಡಿಸಿ ಭಾಗಿಸಿದರೆ ಯಾರೂ ಬಡವರಲ್ಲ.

ಇದೇ ಸರ್ಕಾರ ಬಿಪಿಎಲ್ ಕಾರ್ಡಿಗೆ ಇಟ್ಟಿರುವ ಮಿತಿ, ಇಡೀ ಕುಟುಂಬಕ್ಕೆ ವರ್ಷಕ್ಕೆ 1.2 ಲಕ್ಷ. ಅಂಥ ಕಾರ್ಡುಗಳು ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು. ಬೆಳಿಗ್ಗೆ ನಮ್ಮ ನಾಯಕರು ತಲಾ ಆದಾಯದಲ್ಲಿ ದೇಶಕ್ಕೇ ನಂಬರ್ ಒನ್ ಎಂದು ಎದೆ ತಟ್ಟಿಕೊಳ್ಳುತ್ತಾರೆ. ಸಂಜೆ ಅಕ್ಕಿ ಚೀಲದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡರಲ್ಲಿ ಯಾವುದು ನಿಜ ಎಂಬುದು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಗೊತ್ತು.

ಈ ಮಗ್ಗಿ ನಮ್ಮವರದೇ ಅಲ್ಲ. ವಿಶ್ವಬ್ಯಾಂಕ್ ಕೂಡ ತಲಾ ರಾಷ್ಟ್ರೀಯ ಆದಾಯಕ್ಕೆ ಗೆರೆ ಎಳೆಯುತ್ತದೆ. ಗೆರೆಯ ಕೆಳಗಿದ್ದರೆ ಕಡಿಮೆ ಆದಾಯದ ದೇಶ. 2007ರಲ್ಲಿ ಗೆರೆ 935 ಡಾಲರ್, ಭಾರತದ್ದು 950. ಹದಿನೈದು ಡಾಲರಿನಲ್ಲಿ, ಅಂದರೆ ಅಂದಿನ ಆರುನೂರು ಚಿಲ್ಲರೆ ರೂಪಾಯಿಯಲ್ಲಿ, ಇಡೀ ದೇಶ ಬಡವರ ಪಟ್ಟಿಯಿಂದ ಪಾರಾಯಿತು. ಔರಾದಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ.

ಮುಟ್ಟಿಸುವುದಾದರೂ ಹೇಗೆ? ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತ್ತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಔರಾದ್ ಆ 39ರಲ್ಲಿತ್ತು. ಎಂಟು ವರ್ಷದಲ್ಲಿ 31,000 ಕೋಟಿ ಖರ್ಚು ಮಾಡಿ ಸರಿಪಡಿಸಿ ಎಂದರು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ದೇಶ ಬಡತನ ದಾಟಿದ ಹೊತ್ತಿಗೆ ನಾವು ಬಡತನಕ್ಕೆ ಫೈಲು ತೆರೆದೆವು. ಎಂಟು ವರ್ಷ ಮುಗಿದವು. ಫೈಲು ಮುಗಿಯಲಿಲ್ಲ. 2013ರಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ನಾಮಕರಣ ಮಾತ್ರ ಸುಸೂತ್ರವಾಗಿ ನಡೆಯಿತು.

ಲೆಕ್ಕದ ಇನ್ನೊಂದು ಚಮತ್ಕಾರ. ಔರಾದಿನ ಹುಡುಗ ಗುಳೆ ಹೋಗಿ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದರೆ ಆ ಉತ್ಪನ್ನ ತೆಲಂಗಾಣದ ಖಾತೆಗೆ. ಅವನ ಮುದಿ ತಂದೆ-ತಾಯಿ ಬೀದರಿನ ತಲೆ ಎಣಿಕೆಗೆ. ಊರಲ್ಲೇ ಉಳಿದು ಉದ್ಯೋಗ ಖಾತ್ರಿಗೆ ಹೋಗಿದ್ದರೆ 2025-26ರಲ್ಲಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನ ಪೂರ್ತಿ ಸಿಕ್ಕಿದ್ದರೂ 37,000. ಉಳಿದ ಹದಿನೆಂಟೂವರೆ ಲಕ್ಷಕ್ಕೂ ಹೆಚ್ಚಿನದನ್ನು ಅವನು ತೊಗರಿ, ಸೋಯಾದಲ್ಲಿ ಬೆಳೆದುಕೊಳ್ಳಬೇಕಿತ್ತು.

ಇದೇ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯಕ್ಕೆ ಹೊಲ ಬಿಟ್ಟುಕೊಟ್ಟವರು ನ್ಯಾಯವಾದ ಪರಿಹಾರ ಕೊಡಿ ಎಂದು ಬೀದರಿನಲ್ಲಿ ಧರಣಿ ಕೂತರು. ಆ ನೀರು ಹರಿದ ಹೊಲದ ಬೆಳೆ ಜಿಲ್ಲೆಯ ಉತ್ಪನ್ನಕ್ಕೆ ಸೇರುತ್ತದೆ. ಹೊಲ ಕಳೆದುಕೊಂಡವರ ನಷ್ಟಕ್ಕೆ ಆ ಲೆಕ್ಕದಲ್ಲಿ ಕಾಲಂ ಇಲ್ಲ.

ನಮ್ಮ ನಾಯಕರಿಗೆ ಎರಡೂ ಬೇಕು. ಅನುದಾನ ಕೇಳುವಾಗ ನಾವು ಅತ್ಯಂತ ಹಿಂದುಳಿದವರು. ವೋಟು ಕೇಳುವಾಗ ನಾವು ನಂಬರ್ ಒನ್. ಎರಡೂ ಭಾಷಣಕ್ಕೆ ಚಪ್ಪಾಳೆ ತಟ್ಟುವವರೂ ನಾವೇ.

2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ನೇಮಿಸಿತು. ನಂಜುಂಡಪ್ಪ ವರದಿ ಎಷ್ಟು ಜಾರಿಯಾಯಿತು ಎಂದು ನೋಡುವುದೂ ಅದರ ಕೆಲಸವಾಗಿತ್ತು.