ಹಾರನ್ ಬೇಕಾದ್ರೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ

ಪಕ್ಕದ ಮನೆ ಹುಡುಗ ಬಂದು, "ಅಂಕಲ್, ಹತ್ತು ನಿಮಿಷ ಗಾಡಿ ಕೊಡ್ತೀರಾ? ಮೆಡಿಕಲ್ ಶಾಪ್ ತನಕ ಹೋಗ್ಬರ್ತೀನಿ" ಅಂತಾನೆ. ನೀವೋ ಧಾರಾಳಿ. ಮೊಳೆಗೆ ನೇತುಹಾಕಿದ್ದ ಕೀ ತೆಗೆದು ಕೈಗಿಡ್ತೀರಿ. ಆಮೇಲೆ ಶುರು ನೋಡಿ ನಿಮ್ಮ ಉಪದೇಶ.

"ಚೋಕ್ ಅರ್ಧ ಎಳಿ, ಪೂರ್ತಿ ಎಳೆದ್ರೆ ಮುನಿಸ್ಕೊಳ್ಳುತ್ತೆ. ಸೆಲ್ಫ್ ಮುಟ್ಬೇಡ, ಕಿಕ್ಕೇ ಹೊಡಿ. ಮುಂದಿನ ಬ್ರೇಕ್ ಇದೆ ಅಂತ ಅಂದ್ಕೋಬೇಡ. ನ್ಯೂಟ್ರಲ್ ಲೈಟ್ ಸುಳ್ಳು ಹೇಳುತ್ತೆ. ಹಾಂ, ಹಾರನ್ ಬೇಕಾದ್ರೆ ಹ್ಯಾಂಡಲ್ ಸ್ವಲ್ಪ ಎಡಕ್ಕೆ ತಿರುಗಿಸಿ ಒತ್ತು." ಹುಡುಗ ಕೀ ವಾಪಸ್ ಕೊಟ್ಟು ನಡ್ಕೊಂಡೇ ಹೋದ, ಅಲ್ವಾ?

ಇದೇ ನೀವು ಮೊನ್ನೆ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಏನಂದ್ರಿ? "ನಮ್ಮ ಗಾಡಿಗೆ ಹದಿನಾಲ್ಕು ವರ್ಷ ಆಯ್ತು, ಒಂದು ದಿನ ಕೈಕೊಟ್ಟಿಲ್ಲ ಕಣ್ರೀ" ಅಂದ್ರಿ. ಎಲ್ಲಿ ಕೈಕೊಡುತ್ತೆ ಸ್ವಾಮಿ? ನೀವೇ ಅದಕ್ಕೆ ಕೈ, ಕಾಲು, ಬಾಯಿ ಎಲ್ಲಾ ಕೊಟ್ಟುಬಿಟ್ಟಿದ್ದೀರಲ್ಲ!

ಕೋಪ ಮಾಡ್ಕೋಬೇಡಿ, ಲೆಕ್ಕ ಹಾಕೋಣ ಬನ್ನಿ. ಬ್ರೇಕ್ ಲೈನರ್ ಸವೆದಿದೆ, ಆದ್ರೆ ನಿಮ್ಮ ಚಪ್ಪಲಿ ಇದೆ. ಹಾರನ್ ಇಲ್ಲ, "ಏಯ್" ಅನ್ನೋಕೆ ಬಾಯಿ ಇದೆ. ಇಂಡಿಕೇಟರ್ ಒಡೆದು ವರ್ಷ ಆಯ್ತು, ಹಿಂದೆ ಕೂತ ಮನೆಯವರು ಬಲಗೈ ಚಾಚ್ತಾರೆ. ಕನ್ನಡಿ ಕೆಲಸಾನೂ ಅವರದ್ದೇ ("ಲಾರಿ ಬರ್ತಿದೆ, ಎಡಕ್ಕೆ ಬಿಡಿ, ಎಡಕ್ಕೇ!"). ಇಷ್ಟೆಲ್ಲ ಪಾರ್ಟಿನ ಕೆಲಸ ಒಬ್ರೇ ಮಾಡಿದ್ರೂ ಪಾಪ, ಮಂತ್ಲಿ ಒಂದು ಸರ್ವಿಸ್ ಕೂಡ ಇಲ್ಲ ಅವರಿಗೆ.

ನಾನೇನು ಬೇರೆ ಅಲ್ಲ ಬಿಡಿ. ನನ್ನದು 2009ರ ಗಾಡಿ. (ಕಂಪನಿ ಹೆಸರು ಬೇಡ, ಅದರದ್ದೇನು ತಪ್ಪು?) ನಮ್ಮ ದೇಶದಲ್ಲಿ ಸ್ವಂತಕ್ಕೆ ಇಟ್ಕೊಂಡ ಬೈಕಿಗೆ ರಿಜಿಸ್ಟ್ರೇಷನ್ 15 ವರ್ಷಕ್ಕೆ ಇರುತ್ತೆ. ಅದು ಮುಗಿದ ಮೇಲೆ ಆರ್‌ಟಿಒಗೆ ಒಯ್ದು ತೋರಿಸಿ, ಇನ್ನೈದು ವರ್ಷಕ್ಕೆ ರಿನ್ಯೂ ಮಾಡಿಸ್ಬೇಕು. ನಾವು ಅದನ್ನ ಸಲೀಸಾಗಿ "ಎಫ್‌ಸಿ" ಅಂತೀವಿ.

ನಡುವೆ ಆ 15 ವರ್ಷ ನಿಮ್ಮ ಬ್ರೇಕ್ ಹೇಗಿದೆ, ಟೈರ್ ಹೇಗಿದೆ ಅಂತ ಕರೆದು ಕೂರಿಸಿ ಕೇಳೋರು ಯಾರೂ ಇಲ್ಲ. ಇರೋದೊಂದು ಎಮಿಷನ್ ಟೆಸ್ಟ್. ಹಳೇ ಗಾಡಿಗೆ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಆಮೇಲಿನದಕ್ಕೆ ವರ್ಷಕ್ಕೊಮ್ಮೆ. ಅದೂ ಸೈಲೆನ್ಸರಿಗೆ ಕೊಳವೆ ತೂರಿಸಿ ಹೊಗೆ ನೋಡುತ್ತೆ ಅಷ್ಟೆ. ಗಾಡಿ ಏನು ಉಗುಳುತ್ತೆ ಅಂತ ಕೇಳುತ್ತೆ, ನಿಲ್ಲುತ್ತಾ ಅಂತ ಕೇಳಲ್ಲ. (ಆ ಚೀಟಿ ಇದೆಯಾ ನಿಮ್ಮ ಹತ್ರ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ, ಇಲ್ದಿದ್ರೆ ದಂಡ 10,000 ರೂಪಾಯಿವರೆಗೂ ಹೋಗಬಹುದು. ಸೀಟ್ ಕೆಳಗೆ ನೋಡಿ, ಆಮೇಲೆ ಮುಂದಕ್ಕೆ ಓದಿ.)

ಇಂಗ್ಲೆಂಡಿನಲ್ಲಿ ಈ ಆಟ ನಡೆಯಲ್ಲ. ಅಲ್ಲಿ ಗಾಡಿಗೆ ಮೂರು ವರ್ಷ ತುಂಬ್ತೋ, ಅಲ್ಲಿಂದ ಪ್ರತಿ ವರ್ಷ 'ಎಂಒಟಿ' ಪರೀಕ್ಷೆ, ಬೈಕಿಗೂ ಸೇರಿ. 1960ರಲ್ಲಿ ಶುರುವಾದಾಗ ಹತ್ತು ವರ್ಷದ ಹಳೇ ಗಾಡಿಗೆ ಮಾತ್ರ ಇತ್ತು. ಬ್ರೇಕು, ಲೈಟು, ಸ್ಟಿಯರಿಂಗು ಇಷ್ಟೇ ನೋಡ್ತಿದ್ರು. ಅಷ್ಟಕ್ಕೇ ಫೇಲಾದವರ ಸಂಖ್ಯೆ ನೋಡಿ ಸರ್ಕಾರ ಗಾಬರಿಯಾಗಿ, ಮರುವರ್ಷವೇ ಹತ್ತನ್ನ ಏಳಕ್ಕೆ ಇಳಿಸ್ತು. 1967ರ ಹೊತ್ತಿಗೆ ಮೂರು. ಅಂದ್ರೆ ಅವರೂ ನಮ್ಮವರೇ ಅಂತಾಯ್ತು!

ಸರಿ, ಅಲ್ಲಿ ಬೈಕುಗಳು ಯಾವುದರಲ್ಲಿ ಫೇಲಾಗ್ತವೆ? ಊಹೆ ಮಾಡಿ. ಎಂಜಿನ್ನಾ? ಎಂಜಿನ್ ಎಷ್ಟು ಗಟ್ಟಿ ಅನ್ನೋದು ಅಲ್ಲಿ ಪ್ರಶ್ನೆಪತ್ರಿಕೆಯಲ್ಲೇ ಇಲ್ಲ ಕಣ್ರೀ. ನೀವು ಮದುವೆ ಮನೆಯಲ್ಲಿ ಕೊಚ್ಕೊಂಡ "ಬೆಣ್ಣೆ ಥರ ಎಂಜಿನ್" ಲೆಕ್ಕಕ್ಕೇ ಬರಲ್ಲ. ಹೆಚ್ಚು ಬೈಕು ಬೀಳೋದು ಲೈಟಿನಲ್ಲಿ. ಒಂದು ಬಲ್ಬು, ಒಂದು ತುಕ್ಕು ಹಿಡಿದ ಪಿನ್ನು, ಆಕಾಶ ನೋಡ್ತಿರೋ ಒಂದು ಹೆಡ್‌ಲೈಟು. ಆಮೇಲೆ ಬ್ರೇಕು, ಟೈರು, ಸ್ಟಿಯರಿಂಗು, ಸಸ್ಪೆನ್ಷನ್ನು.

ಲೈಟಿನ ಮಾತು ಬಂತು, ನಿಮ್ಮದನ್ನೇ ನೋಡೋಣ. ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿಣಕ್ ಅನ್ನುತ್ತಾ? ದೆವ್ವ ಅಲ್ಲ, ಅರ್ತಿಂಗ್ ಸರಿ ಇಲ್ಲ. ಬಲಗಡೆ ಇಂಡಿಕೇಟರ್ ಟಕಟಕ ಅಂತ ಎರಡರಷ್ಟು ಸ್ಪೀಡಲ್ಲಿ ಬಡ್ಕೊಳ್ಳುತ್ತಾ? ಗಾಡಿಗೆ ಉತ್ಸಾಹ ಅಲ್ಲ, ಆ ಕಡೆ ಒಂದು ಬಲ್ಬು ಹೋಗಿದೆ. ಇನ್ನು ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ರೆ ಹಾರನ್ ಬರೋದು? ಹದಿನಾಲ್ಕು ವರ್ಷ ಆ ಕಡೆ ಈ ಕಡೆ ತಿರುಗಿ ತಿರುಗಿ, ಟ್ಯಾಂಕಿನ ಮುಂದೆ ವೈರು ಒಳಗೇ ತುಂಡಾಗಿದೆ. ಎಡಕ್ಕೆ ತಿರುಗಿಸಿದಾಗ ಎರಡು ತುದಿ ಮುಟ್ಟುತ್ತೆ, ಅಷ್ಟೆ.

ಹಳೇ ಬೈಕುಗಳ ಹೆಡ್‌ಲೈಟಿನ ಕಥೆ ಇನ್ನೂ ಚೆಂದ. ಎಷ್ಟೋ ಗಾಡಿಯಲ್ಲಿ ಅದಕ್ಕೆ ಕರೆಂಟು ಬ್ಯಾಟರಿಯಿಂದ ಬರ್ತಿರಲಿಲ್ಲ, ಎಂಜಿನ್ ತಿರುಗಿದಷ್ಟೇ ಬೆಳಕು. ಕತ್ತಲಲ್ಲಿ ಗುಂಡಿ ಕಾಣಬೇಕು ಅಂದ್ರೆ ಆಕ್ಸಿಲೇಟರ್ ಕೊಡಬೇಕು. ಕೊಟ್ರೆ ಗುಂಡಿ ಕಾಣುತ್ತೆ, ನಿಜ. ಆದ್ರೆ ಅಷ್ಟರಲ್ಲಿ ನೀವು ಅದರೊಳಗೇ ಇರ್ತೀರಿ.

ಹಾಗೆ ಗುಂಡಿಗೆ ಬಿದ್ದು ಬಿದ್ದು ಆಗೋ ಇನ್ನೊಂದು ಕಾಯಿಲೆ ಕೋನ್ ಸೆಟ್ಟಿನದ್ದು, ಅಂದ್ರೆ ಹ್ಯಾಂಡಲ್ ತಿರುಗೋ ಬೇರಿಂಗಿನದ್ದು. ಡಬಲ್ ಸ್ಟ್ಯಾಂಡ್ ಹಾಕಿ, ಯಾರಿಗಾದ್ರೂ ಹಿಂದೆ ಭಾರ ಬಿಡೋಕೆ ಹೇಳಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನ ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ನೇರಕ್ಕೆ ಬಂದಾಗ 'ಟಕ್' ಅಂತ ಹಿಡ್ಕೊಳ್ತಾ? ಒಳಗಿನ ಬಾಲುಗಳು ತಾವು ಉರುಳೋ ಬಳೆಯಲ್ಲೇ ಗುಳಿ ಮಾಡಿವೆ. ನೀವು ಇಷ್ಟು ದಿನ "ನಮ್ಮ ಗಾಡಿ ಕೈ ಬಿಟ್ರೂ ನೇರ ಹೋಗುತ್ತೆ" ಅಂತ ಬೀಗ್ತಿದ್ದದ್ದು ಇದೇ ಗಾಡಿ ಬಗ್ಗೆ!

ಹಿಂದಿನ ಬ್ರೇಕ್ ಕೂಡ ನೋಡಿಬಿಡಿ, ಬಗ್ಗಿದ್ದೀರಿ ಹೇಗೂ. ರಾಡಿನ ತುದಿಯಲ್ಲಿ ಒಂದು ನಟ್ ಇರುತ್ತೆ. ಬ್ರೇಕ್ ಕಮ್ಮಿ ಆದಾಗೆಲ್ಲ ಎರಡು ಸುತ್ತು ತಿರುಗಿಸಿ "ರೆಡಿ ಮಾಡ್ಬಿಟ್ಟೆ" ಅಂತ ಕೈ ಒರೆಸ್ಕೊಳ್ತೀರಲ್ಲ, ಅದೇ. ಈಗ ಅದು ಎಲ್ಲಿದೆ? ರಾಡಿನ ಥ್ರೆಡ್ ಮುಗಿಯೋ ಜಾಗಕ್ಕೆ ಬಂದಿದ್ರೆ, ನೀವು ರೆಡಿ ಮಾಡಿದ್ದು ನಟ್ಟನ್ನ. ಒಳಗಿದ್ದ ಲೈನರ್ ಯಾವಾಗಲೋ ಖಾಲಿ. (ಡ್ರಮ್ಮಿನ ಪಕ್ಕ ಸವೆತ ತೋರಿಸೋಕೆ ಒಂದು ಪುಟ್ಟ ಬಾಣದ ಗುರುತೂ ಇರುತ್ತೆ. ಕೆಸರು ಕೆರೆದ್ರೆ ಕಾಣುತ್ತೆ. ಕೆರೆದಿದ್ದೀರಾ ಯಾವಾಗ್ಲಾದ್ರೂ?)

ಟೈರಿನ ಬಗ್ಗೆ ನಾನು ಮಾತಾಡಲ್ಲ. ತಲೆ ಬೋಳಾದವರನ್ನ ಆಡ್ಕೋಬಾರದು ಅಂತ ನಮ್ಮಮ್ಮ ಹೇಳಿದ್ದಾರೆ.

ಅಂತೂ ನನ್ನ ಗಾಡಿಗೆ ಎಫ್‌ಸಿ ಬಂತು. ಫೀಸ್ 300 ರೂಪಾಯಿ ಅಂದ್ಕೊಂಡು ಹೋದವನಿಗೆ, 2022ರ ಏಪ್ರಿಲಿನಿಂದ ಬೈಕಿಗೆ 1,000 ಆಗಿದೆ ಅಂತ ಗೊತ್ತಾದದ್ದೇ ಅಲ್ಲಿ. ಮೆಕ್ಯಾನಿಕ್ ಹತ್ರ ಹೋದೆ. ಅವನು ಗಾಡಿ ಒಂದು ರೌಂಡ್ ಹೊಡೆದು ಬಂದು, ಇಳಿದು, ನನ್ನನ್ನೇ ಮೇಲಿಂದ ಕೆಳಗೆ ನೋಡಿದ. "ಸಾರ್, ಇದನ್ನ ದಿನಾ ನೀವೇ ಓಡಿಸ್ತೀರಾ?" ಅಂದ. ಹೂಂ ಅಂದೆ. "ದೇವ್ರು ದೊಡ್ಡೋನು" ಅಂತ ಒಳಗೆ ಹೋದ.

ಅವನು ಸ್ಪೇರ್ ಪಾರ್ಟಿನ ಚೀಟಿ ಬರೀತಿದ್ದಾಗ ನೋಡ್ತೀನಿ, ಅದೇ ಪಟ್ಟಿ! ಪಕ್ಕದ ಮನೆ ಹುಡುಗನಿಗೆ ನಿಮ್ಮ ಹಾಗೇ ನಾನೂ ಬಾಯಲ್ಲಿ ಹೇಳಿದ್ದೆಲ್ಲ ಇವನು ಕೈಯಲ್ಲಿ ಬರೀತಿದ್ದ. ಬ್ರೇಕ್ ಶೂ, ಹಾರನ್ ವೈರು, ನ್ಯೂಟ್ರಲ್ ಸ್ವಿಚ್ಚು. ಇಷ್ಟು ವರ್ಷ ಗಾಡಿ ಕೇಳಿದವರಿಗೆಲ್ಲ ನಾನು ಪುಕ್ಕಟೆ ಇನ್‌ಸ್ಪೆಕ್ಷನ್ ರಿಪೋರ್ಟ್ ಓದಿ ಹೇಳ್ತಿದ್ದೆ. ಕೇಳಿಸ್ಕೊಳ್ಳದೇ ಇದ್ದವನು ನಾನೊಬ್ಬನೇ.

ಎರಡು ದಿನಕ್ಕೆ ಎಲ್ಲಾ ಹೊಸದಾಯ್ತು, ಕನ್ನಡಿ ಒಂದು ಬಿಟ್ಟು. ನನ್ನ ಒರಿಜಿನಲ್ ಕನ್ನಡಿಗಳು ಗಾಡಿ ತಂದ ವಾರವೇ "ಲುಕ್ ಹಾಳಾಗುತ್ತೆ" ಅಂತ ಬಿಚ್ಚಿ ಪೇಪರಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ಹುಡುಕಿದ್ರೆ ಒಂದು ಸಿಕ್ತು. ಇನ್ನೊಂದು, ನಮ್ಮಪ್ಪ ಹಿತ್ತಲ ನಲ್ಲಿ ಪೈಪಿಗೆ ಕಟ್ಟಿ ಶೇವ್ ಮಾಡ್ಕೊಳ್ತಿರೋದು ಅದೇ ಅಂತ ಅವತ್ತು ಗೊತ್ತಾಯ್ತು. ಕೊಡಿ ಅಂದ್ರೆ, "ಅರ್ಧ ಗಡ್ಡ ಆಗಿದೆ ಕಣೋ" ಅಂದ್ರು. ಕೊನೆಗೆ ಎದುರು ಮನೆಯವರ ಗಾಡಿಯಿಂದ ಜೋಡಿ ಕನ್ನಡಿ ಸಾಲ ತಂದು ಹಾಕ್ಕೊಂಡು ಹೋದೆ.

ಗಾಡಿ ಪಾಸಾಯ್ತು. ಫೇಲಾದದ್ದು ನಾನು. ವಾಪಸ್ ಬರ್ತಾ ಸಿಗ್ನಲಲ್ಲಿ ಎಂದಿನ ಹಾಗೆ ಹಿಂದಿನ ಬ್ರೇಕನ್ನ ದೇಹದ ಭಾರ ಹಾಕಿ ತುಳಿದೆ ನೋಡಿ, ಗಾಡಿ ಕಚ್ಕೊಂಡು ನಿಂತು ನಾನು ಟ್ಯಾಂಕ್ ಮೇಲೆ! ಹಾರನ್ ಒತ್ತೋಕೆ ಅಂತ ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ, ಪಕ್ಕದ ಆಟೋದವನು ನಮ್ಮ ವಂಶವನ್ನೇ ನೆನೆಸ್ಕೊಂಡ. ಇಂಡಿಕೇಟರ್ ತಾನೇ ಉರೀತಿದ್ರೂ ಹಿಂದೆ ಮನೆಯವರ ಕೈ ಚಾಚೇ ಇತ್ತು.

ಈಗ ಒಂದು ಸಣ್ಣ ಸಹಾಯ ಆಗ್ಬೇಕಿತ್ತು ನಿಮ್ಮಿಂದ. ಎದುರು ಮನೆಯವರ ಗಾಡಿಗೂ ಬರೋ ವಾರ ಎಫ್‌ಸಿ ಅಂತೆ, ಬೆಳಗ್ಗೆಯಿಂದ ಗೇಟ್ ಹತ್ರ ನಿಂತು ಕೆಮ್ತಾ ಇದ್ದಾರೆ. ಕನ್ನಡಿ ಬಿಚ್ಚೋಕೆ 14ನೇ ನಂಬರ್ ಸ್ಪ್ಯಾನರ್ ಬೇಕು. ನಿಮ್ಮ ಹತ್ರ ಇದೆಯಾ? ಹಾಗೇ ಬರ್ತಾ, ನಿಮ್ಮ ಗಾಡಿ ಕನ್ನಡಿ ಎಲ್ಲಿದೆ ಅಂತಾನೂ ಸ್ವಲ್ಪ ಅಟ್ಟ ಹತ್ತಿ ನೋಡ್ಕೊಂಡು ಬನ್ನಿ.