ಇಷ್ಟದ ಹಾಡಿನ ಅಸಲು ಕಾರಣ

ಯಾರಾದರೂ ‘ಈ ಹಾಡಂದ್ರೆ ನನಗೆ ಪ್ರಾಣ’ ಅಂದರೆ, ಯಾಕೆ ಅಂತ ಮಾತ್ರ ಕೇಳಬೇಡಿ. ರಾಗ, ಸಾಹಿತ್ಯ ಅಂತ ದೊಡ್ಡದಾಗಿ ಶುರುಮಾಡಿ ಕಡೆಗೆ ಎಲ್ಲೋ ಹೋಗಿ ನಿಲ್ಲುತ್ತಾರೆ.

ನಮ್ಮ ಸೋದರಮಾವನಿಗೆ ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆ ಹಾಡು. 1974ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ. ಅದುವರೆಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ದನಿಗೆ ತುಟಿಯಾಡಿಸುತ್ತಿದ್ದ ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ಸ್ವಂತ ಕಂಠದಲ್ಲಿ ಹಾಡಿದ್ದೇ ಹಾಡಿದ್ದು, ಆಮೇಲೆ ಅವರಿಗೆ ಬೇರೆಯವರ ದನಿ ಅಪರೂಪವಾಯಿತು. ಮಾವ ಇದನ್ನೆಲ್ಲ ಹರಿಕಥೆ ದಾಸರ ಹಾಗೆ ವಿವರಿಸುತ್ತಾರೆ. ಅಸಲು ಸಂಗತಿ ಇರುವುದು ಅತ್ತೆಯ ಬಾಯಲ್ಲಿ: ‘ಟೆಂಟಲ್ಲಿ ಎಲ್ಲರೂ ಶಿಳ್ಳೆ ಹೊಡೀತಿದ್ರೆ, ಇವರು ಪಕ್ಕದವರ ಕಡ್ಲೆಕಾಯಿ ಪೊಟ್ಟಣ ಖಾಲಿ ಮಾಡಿದ್ರು ಕಣೋ. ಆ ರುಚಿ ಇನ್ನೂ ಬಿಟ್ಟಿಲ್ಲ!’

ಅತ್ತೆಯದು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’, ಅದೂ ಸಿ. ಅಶ್ವತ್ಥ್ ರಾಗ ಹಾಕಿದ ಕ್ಯಾಸೆಟ್ಟೇ ಆಗಬೇಕು. ದಾಂಪತ್ಯದ ಮಾಧುರ್ಯ ಇರಬೇಕು ಅಂತ ನಾನು ಕರಗಿಹೋದೆ. ಅತ್ತೆ ದನಿ ತಗ್ಗಿಸಿ, ‘ಹಾಗೇನಿಲ್ಲ. ಅದನ್ನ ಹಾಕಿದ್ರೆ ನಿಮ್ಮ ಮಾವ ಎರಡನೇ ಹಾಡಿಗೇ ನಿದ್ದೆ ಹೋಗ್ತಾರೆ. ನಂಗೂ ಒಂದು ಗಳಿಗೆ ನೆಮ್ಮದಿ’ ಅಂದರು.

ನನ್ನ ಆಫೀಸಿನ ಗೆಳೆಯನದು 2006ರ ‘ಮುಂಗಾರು ಮಳೆ’ಗೆ ಜಯಂತ ಕಾಯ್ಕಿಣಿ ಬರೆದ ಹಾಡು. ಆಗ ಅದು ಒಬ್ಬಳೇ ಹುಡುಗಿಯ ಕರೆಗೆ ಮೀಸಲಾದ ರಿಂಗ್‌ಟೋನ್. ಈಗ ಸಾಲದ ಕಂತು ಕೇಳುವ ಬ್ಯಾಂಕಿನವರಿಗೆ ಇಟ್ಟಿದ್ದಾನೆ. ಯಾಕಯ್ಯಾ ಅಂದರೆ, ‘ಎದೆ ಬಡಿತ ಅದೇ ಸಾರ್, ಆಗಲೂ ಈಗಲೂ!’