ಎಲೆ ಅಡಿಕೆಯ ವೋಚರು

ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ, ಬುಡಕಟ್ಟು ಭಾಷೆ ಕಲಿಸುವವನಿಗೆ ಒಂದು ಅನುಕೂಲವುಂಟು: ಮಗನಿಗೆ ಟ್ಯೂಷನ್ ಹೇಳಿಕೊಡಿ ಅಂತ ನೆಂಟರು ಯಾರೂ ಬರುವುದಿಲ್ಲ. ಗಣಿತದ ಮೇಷ್ಟರಾದ ನಮ್ಮ ಭಾವನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಮ್ಮ ಬಾಗಿಲಲ್ಲಿ ರಂಗೋಲಿ ಸಂಜೆಯವರೆಗೂ ಅಳಿಸುವುದಿಲ್ಲ.

ಕಲಿಸಬೇಕಾದರೆ ನಾನು ಮೊದಲು ಕಲಿಯಬೇಕಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೆ, ಅಂದರೆ ಅವರ ಪುಟ್ಟ ಊರಿಗೆ, ಹೋಗುತ್ತಿದ್ದೆ. ಕೈಯಲ್ಲಿ ಮಾರಿಸ್ ಸ್ವದೇಶ್ ಅವರ ಪದಪಟ್ಟಿ. ಹೆಸರು ಕೇಳಿ ಖಾದಿ ಭಂಡಾರದವರೆಂದುಕೊಳ್ಳಬೇಡಿ, ಅಮೆರಿಕದ ಭಾಷಾವಿಜ್ಞಾನಿ. ಎಲ್ಲ ಭಾಷೆಯಲ್ಲೂ ಇದ್ದೇ ಇರುತ್ತವೆ ಎಂದು 1950ರ ದಶಕದಲ್ಲಿ ಅವರು ಆರಿಸಿದ ಪದಗಳು. ತಲೆ, ನೀರು, ಬೂದಿ, ಹೇನು, ಎಲ್ಲ ಸರಿ. ಇನ್ನೂರರ ಪಟ್ಟಿಯಲ್ಲಿ ಹಿಮವೂ ಇದೆ.

"ಅಜ್ಜ, ಕಾಶ್ಮೀರದಲ್ಲಿ ಹಿಮ ಬೀಳ್ತದಲ್ಲ, ಅದಕ್ಕೇನಂತೀರಿ?"

"ನಿಮ್ಮೂರಲ್ಲಿ ಬೀಳ್ತದಾ?"

"ಇಲ್ಲ."

"ನಮ್ಮ ತಾವೂ ಬೀಳದಿಲ್ಲ. ಇಬ್ರುಗೂ ಬ್ಯಾಡದ್ದನ್ನ ಯಾಕೆ ಕೇಳೀರಿ ಮೇಷ್ಟ್ರೇ?"

'ಕೊಲ್ಲು' ಬಂದಾಗ ಇನ್ನೂ ಕಷ್ಟ. "'ನಾನು ಕೊಂದೆ' ಅನ್ನಿ" ಎಂದರೆ ಅಜ್ಜ ಟೇಪ್ ರೆಕಾರ್ಡರನ್ನು ದಿಟ್ಟಿಸಿ, "ಇದನ್ನ ಫಾರೆಸ್ಟಿನವರಿಗೆ ಕೇಳಿಸ್ತೀರಾ? ಬೇಕಾದ್ರೆ 'ನೀವು ಕೊಂದ್ರಿ' ಅಂತೀನಿ" ಎಂದರು. ಹೀಗಾಗಿ ನನ್ನ ಕ್ರಿಯಾಪದಗಳ ಪಟ್ಟಿಯಲ್ಲಿ ಕೊಲೆಗಾರ ನಾನೊಬ್ಬನೇ.

ಅಜ್ಜನ ಗೌರವಧನ, ಎಲೆ ಅಡಿಕೆ, ಕಡ್ಡಿಪುಡಿಯ ವೋಚರು ಕೊಟ್ಟರೆ ಲೆಕ್ಕಪತ್ರ ವಿಭಾಗದವರು ಕೇಳಿದ್ದು: "ಮೂರು ಕೊಟೇಷನ್ ಎಲ್ಲಿ?" ಮೂವರು ಅಜ್ಜಂದಿರನ್ನು ಕರೆಸಿ, ಕಡಿಮೆ ದರ ಹೇಳಿದವರಿಂದ ವ್ಯಾಕರಣ ಹೇಳಿಸಬೇಕಿತ್ತಂತೆ! ಹೋಗಲಿ, ಅಜ್ಜನನ್ನೇ ಅತಿಥಿ ಉಪನ್ಯಾಸಕರಾಗಿ ಕರೆಯೋಣವೆಂದರೆ ಅವರು ನೆಟ್ ಪಾಸಾಗಿಲ್ಲ.

ತರಗತಿಯಲ್ಲಿ ಜನಗಣತಿಯ ಪಾಠವೊಂದು ಸಲೀಸು. 2011ರಲ್ಲಿ ಜನ ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಪರಿಶೀಲಿಸಿ ಸೋಸಿದಾಗ 1,369. ಅವುಗಳಲ್ಲಿ 10,000 ಮಂದಿಯಾದರೂ ಆಡುವಂಥವನ್ನು ಗುಂಪುಗೂಡಿಸಿದಾಗ ಭಾಷೆಗಳು 121. ಉಳಿದವು 'ಇತರೆ' ಎಂಬ ಖಾನೆಗೆ. ವಿದ್ಯಾರ್ಥಿಗಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಪ್ರವೇಶದ ಅರ್ಜಿಯಿಂದ ಪರೀಕ್ಷೆಯವರೆಗೆ ನಮ್ಮ ವಿಭಾಗ ಸೋಸಿಹೋಗುವುದನ್ನು ಅವರು ಕಣ್ಣಾರೆ ಕಂಡವರು.

ಹಾಗೆ ಸೋಸಿ ಉಳಿದವರಲ್ಲಿ ಒಂದು ವರ್ಷ ಪೋಡಿನ ಹುಡುಗನೊಬ್ಬನಿದ್ದ. ನಾನು ಅವನ ಭಾಷೆಯ ವಾಕ್ಯವೊಂದನ್ನು ಗಂಭೀರವಾಗಿ ಉಚ್ಚರಿಸಿದೆ. ಹುಡುಗ ಬಾಯಿಗೆ ಕರ್ಚೀಫು ಒತ್ತಿಕೊಂಡ. ಕರೆದು ಸೀಮೆಸುಣ್ಣ ಕೈಗಿಟ್ಟು ಕೂತೆ. ಗಂಟೆ ಹೊಡೆಯುವವರೆಗೂ ಅವನೇ ಪಾಠ ಮಾಡಿದ. ಸಂಬಳ ನನ್ನದಾದ್ದರಿಂದ ಹಾಜರಿ ಮಾತ್ರ ನಾನು ಕೂಗಿದೆ.